ಮದ್ದಳೆಯವರಿಗೆ ಬಂದ ಎರಡು ಕಾಯಿಲೆಗಳು

ಈ ಪ್ರಕರಣದ ರೋಗಿಯನ್ನು ಇಲ್ಲಿ ಮದ್ದಳೆಯವರು ಎಂದಷ್ಟೇ ಕರೆಯುತ್ತೇನೆ. ವಯಸ್ಸು 52. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋದರೆ ಸಿಗುವ ಒಂದು ಊರಿನಲ್ಲಿ ಮನೆ, ಮೂರು ಎಕರೆ ಕಂಗಿನ (ಅಡಕೆ) ತೋಟ, ಎರಡು ದನ. ಯಕ್ಷಗಾನ ಮೇಳಕ್ಕೆ ಹೋಗಿ ತಿರುಗಾಟ ಮಾಡಿದವರಲ್ಲ. ಆದರೆ ಸುತ್ತುಮುತ್ತ ಎಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಇದ್ದರೂ ಮದ್ದಳೆಗೆ ಇವರಿಗೇ ಹೇಳಿಕೆ ಹೋಗುತ್ತಿತ್ತು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೂ ಅವರ ಹೆಂಡತಿಗೂ ಓದಿ ಹೇಳಿದ್ದೇನೆ, ಇಬ್ಬರೂ ಒಪ್ಪಿದ್ದಾರೆ.

ನಾನು ಆ ಮನೆಗೆ ಬಹಳ ವರ್ಷಗಳಿಂದ ಮದ್ದು ಕೊಡುವ ಊರಿನ ವೈದ್ಯ, ನರರೋಗ ತಜ್ಞನಲ್ಲ. ಮದ್ದಳೆಯವರಿಗೆ ಒಂದರ ಬೆನ್ನಿಗೆ ಒಂದು ಎರಡು ಕಾಯಿಲೆ ಬಂತು. ಮೊದಲನೆಯದು ವೈರಸ್ಸಿನದು. ಎರಡನೆಯದು ಅವರದೇ ದೇಹದ ರಕ್ಷಣಾ ವ್ಯವಸ್ಥೆ ತಂದದ್ದು. ಎರಡನೆಯದನ್ನು ನಾವೆಲ್ಲ ಮೊದಲನೆಯದರ ಬಾಲವೆಂದು ತಿಳಿದು ಹದಿಮೂರು ದಿನ ಕಳೆದೆವು. ಆ ಹದಿಮೂರು ದಿನ ಇನ್ನೊಬ್ಬರ ಮನೆಯಲ್ಲಿ ಹೋಗಬಾರದೆಂದು ಬರೆಯುತ್ತಿದ್ದೇನೆ.

ಸಿಪ್ಪೆ ಹೊತ್ತಿದ ವಾಸನೆ

ಆಟಿ ತಿಂಗಳ ಮಳೆ. ಆ ವಾರ ಕ್ಲಿನಿಕ್ಕಿಗೆ ಬಂದವರಲ್ಲಿ ಅರ್ಧಕ್ಕರ್ಧ ಜ್ವರದವರೇ. ತೋಟದಲ್ಲಿ ಬಿದ್ದ ಅಡಕೆ ಹಾಳೆಗಳಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪುಗಳಲ್ಲಿ ನೀರು ನಿಂತು ಸೊಳ್ಳೆ ಎದ್ದಿತ್ತು. ನಮ್ಮ ಕಡೆ ಆ ಹೊತ್ತಿಗೆ ಜ್ವರವೆಂದರೆ ಮೊದಲು ನೆನಪಾಗುವುದು ಡೆಂಗಿ. ಮದ್ದಳೆಯವರು ಬಂದದ್ದು ಜ್ವರದ ಮೂರನೇ ದಿನ. ತಲೆನೋವು, ಮೈಕೈ ನೋವು, ಜ್ವರ 102. ರಕ್ತ ಪರೀಕ್ಷೆ ಮಾಡಿಸಿದೆ. ಡೆಂಗಿ ಇಲ್ಲ, ಪ್ಲೇಟ್‌ಲೆಟ್ ಸರಿಯಾಗಿಯೇ ಇತ್ತು. ಪ್ಯಾರಾಸಿಟಮಾಲ್ ಕೊಟ್ಟು, ಗಂಜಿ ನೀರು ಚೆನ್ನಾಗಿ ಕುಡಿಯಿರಿ, ನಾಡಿದ್ದು ಬನ್ನಿ ಎಂದೆ.

ಎದ್ದು ಹೊರಡುವಾಗ ಅವರು ಬಾಗಿಲ ಹತ್ತಿರ ನಿಂತು ಮೂಗು ಏರಿಸಿ ಕೇಳಿದರು: "ಎಲ್ಲಿಯೋ ಅಡಕೆ ಸಿಪ್ಪೆ ಹೊತ್ತಿದ ವಾಸನೆ ಬರ್ತಾ ಉಂಟು ಡಾಕ್ಟ್ರೇ. ನಿಮಗೆ ಬರ್ತಾ ಇಲ್ವಾ?"

ಹೊರಗೆ ಜಡಿಮಳೆ. ಆ ಮಳೆಯಲ್ಲಿ ಸಿಪ್ಪೆಗೆ ಬೆಂಕಿ ಹಿಡಿಯುವುದು ಹೇಗೆ? ಜ್ವರದ ತಲೆಗೆ ಹಾಗೆಲ್ಲ ಅನಿಸುತ್ತದೆ ಎಂದುಕೊಂಡು ಮುಂದಿನ ರೋಗಿಯನ್ನು ಕರೆದೆ. ಈಗ ಹಿಂದಿರುಗಿ ನೋಡಿದರೆ ಕಾಯಿಲೆ ಅಲ್ಲೇ ತನ್ನ ಹೆಸರು ಹೇಳಿತ್ತು. ಇಲ್ಲದ ವಾಸನೆ ಕ್ಷಣಕಾಲ ಬಂದು ಹೋಗುವುದು, ಅದರಲ್ಲೂ ಸುಟ್ಟ ವಾಸನೆ ಬರುವುದು, ಕಿವಿಯ ನೇರಕ್ಕೆ ಒಳಗಿರುವ ಮಿದುಳಿನ ಭಾಗವಾದ ಟೆಂಪೊರಲ್ ಹಾಲೆಯ ಒಳಮೈಯಲ್ಲಿ ಹುಟ್ಟುವ ಸಣ್ಣ ಅಪಸ್ಮಾರದ ಲಕ್ಷಣ. ವಾಸನೆಯನ್ನು ಗ್ರಹಿಸುವ ಭಾಗವೂ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ಸೂ ಅಲ್ಲಿ ಅಕ್ಕಪಕ್ಕದ ಮನೆಗಳು. ಆ ಬೀದಿಗೇ ಬೆಂಕಿ ಬಿದ್ದಿತ್ತು.

ಐದನೇ ದಿನ ಬೆಳಗ್ಗೆ ಐದೂವರೆಗೆ ಅವರ ಹೆಂಡತಿ ಫೋನ್ ಮಾಡಿದರು. "ಇವರು ಇವರ ಹಾಗೆ ಇಲ್ಲ ಡಾಕ್ಟ್ರೇ. ದನಕ್ಕೆ ಹಿಂಡಿ ಹಾಕಿದ್ಯಾ ಅಂತ ರಾತ್ರಿಯಿಂದ ನೂರು ಸಲ ಕೇಳಿದ್ರು. ನಾನು ಹಾಕಿದೆ ಹೇಳ್ತೇನೆ, ಹ್ಞೂಂ ಹೇಳ್ತಾರೆ, ಮತ್ತೆ ಕೇಳ್ತಾರೆ. ಈಗ ಮಗನ ಹೆಸರು ಬರುವುದಿಲ್ಲ."

ಜ್ವರದಲ್ಲಿ ಮಂಕು ಕವಿಯುವುದು ಎಲ್ಲರಿಗೂ ಗೊತ್ತಿರುವುದೇ. ರೋಗಾಣುವಿನ ಜೊತೆ ಹೋರಾಡುವ ಜೀವಕೋಶಗಳು ಸೈಟೊಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಮಿದುಳಿಗೆ ಮುಟ್ಟಿದಾಗ ಹಸಿವೆ ಇಂಗುತ್ತದೆ, ನಿದ್ದೆ ಒತ್ತುತ್ತದೆ, ಯಾರೊಡನೆಯೂ ಮಾತು ಬೇಡವಾಗುತ್ತದೆ, ಲೆಕ್ಕ ತಪ್ಪುತ್ತದೆ. ಆ ಮಂಕಿಗೆ ಜ್ವರ ಇಳಿದೊಡನೆ ತಿಳಿಯಾಗುವ ಗುಣವಿದೆ. ಪ್ಯಾರಾಸಿಟಮಾಲ್ ಕೊಟ್ಟು ಮೈ ತಣ್ಣಗಾದ ಮೇಲೂ ಮನುಷ್ಯ ಅವನ ಹಾಗೆ ಇಲ್ಲವೆಂದು ಮನೆಯವರಿಗೆ ಅನಿಸಿದರೆ ಅದು ಬೇರೆಯೇ ಸಂಗತಿ. "ಇವರು ಇವರ ಹಾಗೆ ಇಲ್ಲ" ಎಂಬ ಆ ಅಕ್ಕನ ಮಾತು ಯಾವ ಪಠ್ಯದ ಲಕ್ಷಣಪಟ್ಟಿಗಿಂತಲೂ ನಿಖರವಾಗಿತ್ತು. ಆ ಹೊತ್ತಿಗೆ ಮೈ ಮುಟ್ಟಿದರೆ ತಣ್ಣಗೆ ಇದೆ ಎಂದೂ ಅವರೇ ಹೇಳಿದರು. ಮಂಗಳೂರಿಗೆ ಹೊರಡಿ ಎಂದೆ.

ಮೂರು ಡ್ರಿಪ್, ದಿನವೂ

ಹೊಸಂಗಡಿ ದಾಟುವಾಗ ಕಾರಿನಲ್ಲೇ ಅಪಸ್ಮಾರ ಬಂತು. ಬಲಗೈ, ಬಲ ಮುಖ ಸೆಳೆದು, ಆಮೇಲೆ ಮೈಯಿಡೀ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಗೆ ಮೊದಲಿನಿಂದಲೂ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕೊರೊನಾ ಕಾಲಕ್ಕೆ ತಲಪಾಡಿಯ ಗಡಿ ಮುಚ್ಚಿ, ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದಿರುಗಿದ್ದನ್ನು ಕಂಡ ಯಾರಿಗೂ ಆ ದಾರಿಯ ಒಂದೂವರೆ ಗಂಟೆ ಬರಿಯ ಒಂದೂವರೆ ಗಂಟೆಯಾಗಿ ಉಳಿದಿಲ್ಲ. ಈ ಸಲ ಗಡಿ ತೆರೆದಿತ್ತು.

ತುರ್ತು ವಿಭಾಗದಲ್ಲಿದ್ದ ವೈದ್ಯೆ ಮಾಡಿದ ಒಂದು ಕೆಲಸವನ್ನು ಇಲ್ಲಿ ಎತ್ತಿ ಹೇಳಬೇಕು. ಜ್ವರ, ವರ್ತನೆಯಲ್ಲಿ ಬದಲಾವಣೆ, ಮಾತು ತಪ್ಪುವುದು, ಅಪಸ್ಮಾರ, ಇಷ್ಟನ್ನು ಕೇಳಿದವರೇ ಯಾವ ವರದಿಗೂ ಕಾಯದೆ ಎಸೈಕ್ಲೊವಿರ್ ಎಂಬ ವೈರಸ್ ತಡೆಯುವ ಮದ್ದು ಶುರು ಮಾಡಿದರು. ಕೇಜಿಗೆ 10 ಮಿಲಿಗ್ರಾಂ ಲೆಕ್ಕ. 60 ಕೇಜಿಯ ಮನುಷ್ಯನಿಗೆ 600 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ, ರಕ್ತನಾಳಕ್ಕೆ ನಿಧಾನ ಡ್ರಿಪ್. ಈ ಮದ್ದು ಮೂತ್ರಪಿಂಡದಲ್ಲಿ ಹರಳುಗಟ್ಟಬಹುದಾದ್ದರಿಂದ ಸಾಕಷ್ಟು ನೀರಿನಂಶವೂ ಹೋಗಬೇಕು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತಿರಬೇಕು.

ಬೆನ್ನುಹುರಿಯ ನೀರು ತೆಗೆದರು. ಬಿಳಿಕಣ ಹೆಚ್ಚು, ಅದರಲ್ಲೂ ಲಿಂಫೊಸೈಟ್‌ಗಳು, ಪ್ರೋಟೀನ್ ಏರಿತ್ತು, ಸಕ್ಕರೆ ಸರಿಯಿತ್ತು. ಬ್ಯಾಕ್ಟೀರಿಯಾ ಆಗಿದ್ದರೆ ಸಕ್ಕರೆ ಇಳಿಯುವುದು ರೂಢಿ. ಎಂಆರ್‌ಐಯಲ್ಲಿ ಎಡ ಟೆಂಪೊರಲ್ ಹಾಲೆಯ ಒಳಮೈ ಬೆಳ್ಳಗೆ ಉಬ್ಬಿತ್ತು, ಬಲಗಡೆಯೂ ಸ್ವಲ್ಪ. ಮರುದಿನ, ವೈರಸ್ಸಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯ ವರದಿ ಬಂತು: ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಒಂದನೇ ಬಗೆ. ಕಾಯಿಲೆಯ ಮೊದಲ ಮೂರು ದಿನಗಳಲ್ಲಿ ಈ ಪಿಸಿಆರ್ ಸುಳ್ಳಾಗಿ ಇಲ್ಲವೆನ್ನಬಹುದು. ಲಕ್ಷಣ ಕೂಡಿಬಂದಿದ್ದರೆ ಮದ್ದು ನಿಲ್ಲಿಸದೆ ಕೆಲವು ದಿನ ಬಿಟ್ಟು ಮತ್ತೆ ನೀರು ತೆಗೆದು ನೋಡುವುದು ಇದಕ್ಕಾಗಿಯೇ.

ಚಿಕಿತ್ಸೆ ಇಲ್ಲದಿದ್ದರೆ ಈ ಮಿದುಳುಜ್ವರದಲ್ಲಿ ಹತ್ತರಲ್ಲಿ ಏಳು ಮಂದಿ ಸಾಯುತ್ತಾರೆ. 1980ರ ದಶಕದಲ್ಲಿ ಎಸೈಕ್ಲೊವಿರ್ ಬಂದ ಮೇಲೆ ಆ ಲೆಕ್ಕ ಮಗುಚಿತು. ಆ ಮದ್ದಿನ ಹಿಂದಿನ ಕೆಲಸ ಗರ್ಟ್ರೂಡ್ ಎಲಿಯನ್ ಅವರ ತಂಡದ್ದು. 1988ರ ನೊಬೆಲ್ ಪ್ರಶಸ್ತಿಯಲ್ಲಿ ಅವರೂ ಪಾಲುದಾರರು. ಮದ್ದಿನ ಜಾಣತನ ಇಷ್ಟು: ವೈರಸ್ ಹೊಕ್ಕ ಜೀವಕೋಶದಲ್ಲಿ ವೈರಸ್ಸಿನದೇ ಒಂದು ಕಿಣ್ವ ಅದನ್ನು ಚುರುಕುಗೊಳಿಸುತ್ತದೆ, ಹಾಗೆ ಚುರುಕಾದ ಮದ್ದು ವೈರಸ್ಸಿನ ಡಿಎನ್ಎ ಸರಪಣಿಯನ್ನು ಮುಂದೆ ಬೆಳೆಯಗೊಡುವುದಿಲ್ಲ. ವೈರಸ್ ಇಲ್ಲದ ಕೋಶದಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ದಿನಕ್ಕೆ ಮೂರು ಡ್ರಿಪ್‌ನಂತೆ 21 ದಿನ ಆಯಿತು.

ಆ 21 ದಿನಗಳಲ್ಲಿ ಮನೆಯವರು ಪಟ್ಟ ಕಷ್ಟಗಳಲ್ಲಿ ಒಂದು ಹೆಸರಿನದು. ಮಿದುಳುಜ್ವರ ಎಂದೊಡನೆ ನಿಪಾ ಎಂದು ಕೆಲವು ನೆಂಟರು ಹತ್ತಿರ ಬರಲಿಲ್ಲ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ಆದದ್ದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಇನ್ನು ಕೆಲವರು ಎಂಡೋಸಲ್ಫಾನ್ ಎಂದರು. ಗೇರು ತೋಟಗಳಿಗೆ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ವಿಷ ಸುರಿದ ಊರುಗಳಲ್ಲಿ ತಲೆಗೆ ಸಂಬಂಧಪಟ್ಟ ಏನೇ ಆದರೂ ಆ ಸಂಶಯ ಬರುವುದು ಸಹಜ. ಅದನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾವ ವೈದ್ಯನಿಗೂ ಇಲ್ಲ. ಆದರೆ ಇಲ್ಲಿ ಬೆನ್ನುಹುರಿಯ ನೀರಿನಲ್ಲಿ ವೈರಸ್ಸೇ ಸಿಕ್ಕಿತ್ತು. ಆಮೇಲೆ ವರದಿಯಲ್ಲಿ ಹರ್ಪಿಸ್ ಎಂದು ಓದಿದ ಅಳಿಯನೊಬ್ಬ ಮೊಬೈಲಿನಲ್ಲಿ ಹುಡುಕಿ, ಅದು ಗುಪ್ತರೋಗವೆಂದು ತಿಳಿದು ಮುಖ ಕೆಂಪು ಮಾಡಿಕೊಂಡ. ವಾರ್ಡಿನಲ್ಲಿದ್ದ ಯಾರೋ ಅದು ಸರ್ಪಸುತ್ತು ಎಂದು ಕನ್ನಡಕ್ಕೆ ತಿರುಗಿಸಿದರು. ಸರ್ಪಸುತ್ತು ಎಂದ ಮೇಲೆ ಕೇಳಬೇಕೆ? ಮನೆಯ ನಾಗಬನಕ್ಕೆ ಯಾವಾಗ ತಂಬಿಲದ ಪೂಜೆ ತಪ್ಪಿತು ಎಂಬ ಲೆಕ್ಕ ಶುರುವಾಯಿತು.

ಸರ್ಪಸುತ್ತಿನ ವೈರಸ್ ಇದೇ ಕುಲದ ದಾಯಾದಿ, ಇದಲ್ಲ. ಇದು ತುಟಿಯ ಅಂಚಿನಲ್ಲಿ ಜ್ವರ ಬಂದಾಗ ಏಳುವ ಸಣ್ಣ ನೀರುಗುಳ್ಳೆಗಳ ವೈರಸ್. ಹೆಚ್ಚಿನವರಿಗೆ ಎಳವೆಯಲ್ಲೇ, ಮನೆಯ ಯಾರೋ ಮುದ್ದಿಸಿದಾಗ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಇದೆ. ಮುಖದ ನರದ ಗಂಟಿನಲ್ಲಿ ಜೀವಮಾನವಿಡೀ ಮಲಗಿರುತ್ತದೆ. ಅದು ಮಿದುಳಿಗೆ ಏರುವುದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡರಿಂದ ನಾಲ್ಕು ಮಂದಿಗೆ. "ಎಲ್ಲರಿಗೂ ಇರುವುದಾದರೆ ಇವರಿಗೆ ಮಾತ್ರ ಯಾಕೆ ತಲೆಗೆ ಹೋಯ್ತು?" ಎಂದು ಅವರ ಹೆಂಡತಿ ಕೇಳಿದರು. ಕೆಲವು ಮಕ್ಕಳಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಮಿದುಳಿನ ಕೋಶಗಳು ವೈರಸ್ಸನ್ನು ಗುರುತಿಸಿ ಇಂಟರ್‌ಫೆರಾನ್ ತಯಾರಿಸುವ ಒಂದು ದಾರಿಯಲ್ಲಿ ಹುಟ್ಟಿನಿಂದಲೇ ಜೀನ್ ದೋಷ ಇರುತ್ತದೆ. 52ರ ಪ್ರಾಯದ ಇವರಲ್ಲಿ ಯಾಕೆ ಎಂಬುದಕ್ಕೆ ನಾನು ಉತ್ತರ ಕೊಡಲಿಲ್ಲ. ನಿಮ್ಮದಾಗಲಿ ಅವರದಾಗಲಿ ನಡತೆಯ ತಪ್ಪಲ್ಲ, ನಾಗನ ಮುನಿಸೂ ಅಲ್ಲ ಎಂದು ಅಳಿಯನನ್ನೂ ಕೂರಿಸಿಕೊಂಡು ಹೇಳಿದೆ.

ಹಾರೆ ಗೊತ್ತು, ಹಲಸು ಗೊತ್ತಿಲ್ಲ

ಇಪ್ಪತ್ತಾರನೇ ದಿನ ಮನೆಗೆ ಬಂದರು. ನಡೆಯುತ್ತಿದ್ದರು, ಊಟ ಮಾಡುತ್ತಿದ್ದರು, ನನ್ನನ್ನು ನೋಡಿ ನಕ್ಕರು. ಆದರೆ ಅರ್ಧ ಗಂಟೆಯ ಹಿಂದಿನದು ನೆನಪಿರುತ್ತಿರಲಿಲ್ಲ. ಮದುವೆಯ ದಿನದ ವಿಷಯ ಹೇಳುತ್ತಿದ್ದರು, ಬೆಳಗ್ಗೆ ತಿಂದ ದೋಸೆಯ ವಿಷಯ ಇಲ್ಲ.

ಒಂದು ಸಂಜೆ ಅವರ ಮನೆಯ ಚಾವಡಿಯಲ್ಲಿ ಕೂತು ಸಾಮಾನುಗಳ ಹೆಸರು ಕೇಳುತ್ತಾ ಹೋದೆ. ಮೆಟ್ಟುಕತ್ತಿ ತೋರಿಸಿದೆ. "ಮೆಟ್ಟುಕತ್ತಿ." ಹಾರೆ? "ಹಾರೆ." ಗೋಡೆಗೆ ಒರಗಿಸಿದ್ದ ದೋಟಿ? "ದೋಟಿ, ಅದರ ಕತ್ತಿ ಮೊನ್ನೆ ಕಟ್ಟಿಸಿದ್ದು." ಸೇಮೆ ಒತ್ತುವ ಮಣೆಯನ್ನೂ ಹೇಳಿದರು. ಆಮೇಲೆ ಅವರ ಹೆಂಡತಿ ಅಡಿಗೆಮನೆಯಿಂದ ಒಂದು ಸೌತೆಕಾಯಿ ತಂದರು. ಮದ್ದಳೆಯವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಅದು... ತಿನ್ನುವಂಥದ್ದು" ಎಂದರು. ಹಲಸಿನಹಣ್ಣಿಗೆ "ದೊಡ್ಡದು". ಅಂಗಳದಲ್ಲಿ ಹೋಗುತ್ತಿದ್ದ ಕೋಳಿಗೆ ಹೆಸರೇ ಇಲ್ಲ. ಹಟ್ಟಿಯ ದನ ತೋರಿಸಿದರೆ ಬಹಳ ಹೊತ್ತು ನೋಡಿ, "ನಾಯಿ, ದೊಡ್ಡ ಜಾತಿಯದು" ಎಂದರು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹತ್ತು ನಿಮಿಷ ಕಳೆದು ಅದೇ ದನದ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮೊಲೆಗೆ ನೀರು ತಟ್ಟಿ, ಎರಡು ಸೇರು ಹಾಲು ಕರೆದು ಕೊಟ್ಟರು.

ಇದು ಅವರೊಬ್ಬರ ವಿಚಿತ್ರವಲ್ಲ. ಇದೇ ವೈರಸ್ಸಿನ ಮಿದುಳುಜ್ವರದಿಂದ ಬದುಕುಳಿದ ನಾಲ್ವರನ್ನು ಪರೀಕ್ಷಿಸಿ ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು 1984ರಲ್ಲಿ ವರದಿ ಮಾಡಿದ್ದು ಇದನ್ನೇ: ಜೀವವಿರುವುದರ, ತಿನ್ನುವುದರ ಅರಿವು ಅಳಿದುಹೋಗಿ, ಸಲಕರಣೆಗಳ ಅರಿವು ಉಳಿದಿತ್ತು. ಕೋಳಿಯನ್ನೂ ಕಾಗೆಯನ್ನೂ ಬೇರೆ ಮಾಡಿ ತಿಳಿಯುವುದು ನೋಟದಿಂದ, ಬಣ್ಣದಿಂದ, ರುಚಿಯಿಂದ. ಹಾರೆಯನ್ನು ತಿಳಿಯುವುದು ಅದರ ಕೆಲಸದಿಂದ. ನೋಟದ ಅರಿವು ಟೆಂಪೊರಲ್ ಹಾಲೆಯನ್ನು ನೆಚ್ಚಿಕೊಂಡಿದೆ, ಅಲ್ಲಿಗೇ ವೈರಸ್ ಬಿದ್ದದ್ದು ಎಂಬುದು ಅವರ ವಿವರಣೆ. ಇದರ ಮೇಲೆ ಇಂದಿಗೂ ಚರ್ಚೆ ನಡೆಯುತ್ತಿದೆ. ಆ ಸಂಜೆ ಚಾವಡಿಯಲ್ಲಿ ಕಂಡದ್ದಕ್ಕೆ ಮಾತ್ರ ಅದು ಸರಿಯಾಗಿ ಹೊಂದಿತ್ತು.

ಹಾಲು ಕರೆಯುವ ಕೈ, ಮದ್ದಳೆ ಬಾರಿಸುವ ಕೈ, ಇವುಗಳ ನೆನಪು ಬೇರೆ ಕಡೆ ಇರುತ್ತದೆ. ಮಿದುಳಿನ ತಳದ ಗಂಟುಗಳಲ್ಲಿ, ಹಿಂಬದಿಯ ಸೆರೆಬೆಲಮ್ಮಿನಲ್ಲಿ. ವೈರಸ್ ಅತ್ತ ಹೋಗಿರಲಿಲ್ಲ. 1985ರಲ್ಲಿ ಇದೇ ಕಾಯಿಲೆಗೆ ತುತ್ತಾದ ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ ಕೆಲವು ಕ್ಷಣಗಳ ಹಿಂದಿನದನ್ನೂ ನೆನಪಿಡಲಾರದೆ ಹೋದರು, ಆದರೆ ಪಿಯಾನೊ ಮುಂದೆ ಕೂರಿಸಿದರೆ ನುಡಿಸುತ್ತಿದ್ದರು. ಇದನ್ನು ಓದಿದ್ದ ನಾನು ಭಾಗವತರೊಬ್ಬರನ್ನು ಮನೆಗೆ ಕರೆಸಿದೆ. ಮದ್ದಳೆಯನ್ನು ತೊಡೆಯ ಮೇಲೆ ಇಟ್ಟದ್ದೇ ತಡ, ಬೆರಳು ಮುಚ್ಚಿಗೆಯನ್ನು ಮುಟ್ಟಿ, ತಟ್ಟಿ, ಶ್ರುತಿ ಸಾಲದೆಂದು ಬಾರು ಬಿಗಿದರು. ಭಾಗವತರು ಝಂಪೆಯಲ್ಲಿ ಒಂದು ಪದ ಎತ್ತಿದರು. ಕೈ ತಾನಾಗಿ ಬಂತು. ಮುಕ್ತಾಯದಲ್ಲಿ ಒಂದು ಪೆಟ್ಟೂ ಆಚೀಚೆ ಆಗಲಿಲ್ಲ. ಪದ ಮುಗಿದ ಮೇಲೆ ಭಾಗವತರ ಮುಖ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: "ನೀವು ಎಲ್ಲಿಯವರು?" ಮೂವತ್ತು ವರ್ಷ ಒಟ್ಟಿಗೆ ಕೂತವರು.

ಅಲ್ಲಿಂದ ಎರಡು ವಾರ ಸಣ್ಣಗೆ ಸುಧಾರಣೆ ಇತ್ತು. ಸೌತೆ ಎಂಬ ಹೆಸರು ಬಂತು. ನಾವು ನಿರಾಳವಾದೆವು.

ನಲವತ್ತನೇ ದಿನದ ನಂತರ

ಜ್ವರ ಬಂದಂದಿನಿಂದ ಎಣಿಸಿದರೆ ನಲವತ್ತನೇ ದಿನ, ಅವರು ರಾತ್ರಿಯಿಡೀ ಎದ್ದು ಕೂತಿದ್ದರು. ಮರುದಿನವೂ ಹಾಗೆಯೇ. ಗಂಜಿಗೆ ಏನೋ ಬೆರೆಸಿದ್ದಾರೆ ಎಂದು ಬಟ್ಟಲು ತಳ್ಳಿದರು. ಇಷ್ಟು ದೊಡ್ಡ ಕಾಯಿಲೆಯಾದ ಮೇಲೆ ಮನಸ್ಸು ಕುಗ್ಗುವುದು ಇದೆ ಎಂದುಕೊಂಡು ನಾನು ನಿದ್ದೆಯ ಮಾತ್ರೆ ಕೊಟ್ಟೆ. ಅದು ನನ್ನ ತಪ್ಪು. ನಾಲ್ಕು ದಿನ ಅಲ್ಲಿ ಹೋಯಿತು.

ಮನೆಯವರು ಜ್ಯೋತಿಷ್ಯ ಹೇಳುವ ಬಲ್ಯಾಯರಲ್ಲಿ ಪ್ರಶ್ನೆ ಇಡಿಸಿದರು. ಅದನ್ನು ಆಡಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಗುಣವಾಗಿ ಬಂದ ಮನುಷ್ಯ ಇದ್ದಕ್ಕಿದ್ದಂತೆ ಇನ್ನೊಬ್ಬನಾಗಿ ಕೂತರೆ, ವೈದ್ಯನೂ ಕಾರಣ ಹೇಳದಿದ್ದರೆ, ಅವರು ಯಾರನ್ನು ಕೇಳಬೇಕು? ಆಮೇಲೆ ಒಂದು ಕಡೆ ಮನೋರೋಗದ ಮದ್ದು ಬರೆದುಕೊಟ್ಟರು. ಹಿಂದೆ ಮಿದುಳುಜ್ವರ ಆಗಿತ್ತು ಎಂದು ಹೇಳಿದರೂ, ಅದು ಗುಣವಾಗಿದೆಯಲ್ಲ ಎಂದಾಯಿತು. ಆ ಮದ್ದು ಹೋದ ಮೇಲೆ ಕೈಕಾಲು ಮರಗಟ್ಟಿದವು. ಮಾತು ನಿಂತಿತು.

ಐವತ್ತಮೂರನೇ ದಿನ ನಾನು ನೋಡಲು ಹೋದಾಗ ಅವರು ಮಂಚದಲ್ಲಿ ಕಣ್ಣು ತೆರೆದೇ ಮಲಗಿದ್ದರು. ಎಲೆ ಅಡಕೆ ಜಗಿಯುವವರಂತೆ ಬಾಯಿ ಆಡುತ್ತಲೇ ಇತ್ತು. ಬಾಯಲ್ಲಿ ಎಲೆಯೂ ಇಲ್ಲ, ಅಡಕೆಯೂ ಇಲ್ಲ. ಕೈ ಎತ್ತಿ ಬಿಟ್ಟರೆ ಎತ್ತಿದಲ್ಲೇ ನಿಂತಿತು. ನಾಡಿ ಒಮ್ಮೆ 120, ಸ್ವಲ್ಪ ಹೊತ್ತಿನಲ್ಲಿ 60. ಜ್ವರ ಇಲ್ಲ. ಮಂಗಳೂರಿನ ನರರೋಗ ತಜ್ಞರಿಗೆ ಫೋನ್ ಮಾಡಿ ಆ ಬಾಯಿಯ ಚಲನೆಯನ್ನು ಹೇಳುತ್ತಿದ್ದಂತೆ ಅವರು ನಡುವೆ ತಡೆದು, "ಎಷ್ಟನೇ ವಾರ?" ಎಂದು ಕೇಳಿದರು. ಎಂಟನೇ ವಾರ ಎಂದೆ. "ಇವತ್ತೇ ಕಳಿಸಿ" ಎಂದರು.

ವೈರಸ್ ಮರಳಿತೇ? ಅದು ಮೊದಲ ಪ್ರಶ್ನೆ. ಬೆನ್ನುಹುರಿಯ ನೀರನ್ನು ಎರಡನೇ ಸಲ ತೆಗೆದರು. ಹರ್ಪಿಸ್ ಪಿಸಿಆರ್ ಈ ಸಲ ಇಲ್ಲವೆಂದಿತು. ಎಂಆರ್‌ಐಯಲ್ಲಿ ಹಳೆಯ ಕಲೆ ಬಿಟ್ಟರೆ ಹೊಸ ಗಾಯವಿಲ್ಲ. ಅದೇ ನೀರನ್ನು ಪ್ರತಿಕಾಯಗಳ ಪರೀಕ್ಷೆಗೂ ಕಳುಹಿಸಿದರು. ವರದಿ ಬರಲು ಆರು ದಿನ ಹಿಡಿಯಿತು: ಎನ್‌ಎಂಡಿಎ ಗ್ರಾಹಕದ ವಿರುದ್ಧ ಪ್ರತಿಕಾಯ ಇದೆ. ಈ ಪರೀಕ್ಷೆಯನ್ನು ರಕ್ತದಲ್ಲಿ ಮಾತ್ರ ಮಾಡಿ ಬಿಡಬಾರದು, ಬೆನ್ನುಹುರಿಯ ನೀರಿನಲ್ಲಿಯೇ ನೋಡಬೇಕು. ರಕ್ತದಲ್ಲಿ ತಪ್ಪಿಹೋಗುವುದುಂಟು.

ಸುಟ್ಟದ್ದೂ ಬೀಗ ಬಿದ್ದದ್ದೂ

ನರಕೋಶಗಳು ಒಂದಕ್ಕೊಂದು ಮಾತಾಡುವ ಜಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳಿವೆ. ಎನ್‌ಎಂಡಿಎ ಅವುಗಳಲ್ಲಿ ಒಂದು. ಹೊಸದನ್ನು ಕಲಿಯುವಾಗ ಕೋಶಗಳ ನಡುವಿನ ನಂಟು ಗಟ್ಟಿಯಾಗಬೇಕಾದರೆ ಇದು ತೆರೆದುಕೊಳ್ಳಬೇಕು. 2007ರಲ್ಲಿ ಜೋಸೆಪ್ ಡಲ್‌ಮೌ ಮತ್ತು ಜೊತೆಯವರು, ಹುಚ್ಚೆಂದು ಕಾಣುವ ಒಂದು ಮಿದುಳಿನ ಉರಿಯೂತದಲ್ಲಿ ರೋಗಿಯದೇ ಪ್ರತಿಕಾಯಗಳು ಈ ಗ್ರಾಹಕಕ್ಕೆ ಅಂಟಿಕೊಳ್ಳುತ್ತವೆಂದು ತೋರಿಸಿದರು. ಅವರು ಮೊದಲು ಕಂಡದ್ದು ಎಳೆಯ ಹೆಂಗಸರಲ್ಲಿ, ಅಂಡಾಶಯದ ಗೆಡ್ಡೆಯ ಜೊತೆಗೆ. ಹರ್ಪಿಸ್ ಮಿದುಳುಜ್ವರವೂ ಇದನ್ನು ಹೊತ್ತಿಸಬಲ್ಲದು ಎಂಬುದು ಆಮೇಲೆ ತಿಳಿಯಿತು. ಸ್ಪೇನಿನ ತಂಡವೊಂದು ಹರ್ಪಿಸ್ ಮಿದುಳುಜ್ವರದ 51 ರೋಗಿಗಳನ್ನು ಮೊದಲ ದಿನದಿಂದ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14 ಮಂದಿಗೆ, ಎಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಮೂರು ತಿಂಗಳೊಳಗೆ ಇಂಥ ಎರಡನೇ ಕಾಯಿಲೆ ಬಂದಿತ್ತು. ಸಣ್ಣ ಮಕ್ಕಳಲ್ಲಿ ಇದು ಕೈಕಾಲು ತಿರುಚಾಡುವ ಚಲನೆಯಾಗಿ ಕಾಣುತ್ತದೆ, ದೊಡ್ಡವರಲ್ಲಿ ಹೆಚ್ಚಾಗಿ ಮನೋರೋಗದ ವೇಷ ಹಾಕಿ ಬರುತ್ತದೆ.

ಹೇಗೆ ಆಗುತ್ತದೆ ಎಂಬುದಕ್ಕೆ ಇಂದು ಹೆಚ್ಚು ಒಪ್ಪಿತವಾದ ವಿವರಣೆ ಇದು: ವೈರಸ್ ನರಕೋಶಗಳನ್ನು ಒಡೆದಾಗ, ಒಳಗಿದ್ದ ಗ್ರಾಹಕದ ತುಣುಕುಗಳು ಹೊರಚೆಲ್ಲಿ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ತಲುಪುತ್ತವೆ. ಮಿದುಳಿನ ಒಳಗಿನ ಸಾಮಾನನ್ನು ರಕ್ಷಣಾ ವ್ಯವಸ್ಥೆ ಇಷ್ಟು ರಾಶಿಯಲ್ಲಿ, ಅದೂ ಯುದ್ಧದ ನಡುವೆ, ಕಂಡಿರುವುದಿಲ್ಲ. ಅದನ್ನೂ ಶತ್ರುವಿನದೆಂದು ಬಗೆದು ಪ್ರತಿಕಾಯ ತಯಾರಿಸುತ್ತದೆ. ತಯಾರಾಗಲು ಕೆಲವು ವಾರ ಬೇಕು. ನಡುವೆ ರೋಗಿ ಚೇತರಿಸಿಕೊಂಡು ಮನೆಗೆ ಬಂದಿರುತ್ತಾನೆ, ಆಸ್ಪತ್ರೆಯ ಕಡತ ಮುಚ್ಚಿರುತ್ತದೆ. ಎಲ್ಲರೂ ಮೋಸಹೋಗುವುದು ಈ ಎಡೆಯಲ್ಲಿ.

ಪ್ರತಿಕಾಯ ಎರಡೆರಡು ಗ್ರಾಹಕಗಳನ್ನು ಜೋಡಿಸಿ ಹಿಡಿದಾಗ ಕೋಶ ಅವನ್ನು ಒಳಗೆ ಎಳೆದುಕೊಳ್ಳುತ್ತದೆ. ಕೋಶ ಸಾಯುವುದಿಲ್ಲ, ಬಾಗಿಲು ಮಾತ್ರ ಮುಚ್ಚುತ್ತದೆ. ಪ್ರತಿಕಾಯ ತೊಲಗಿದರೆ ಗ್ರಾಹಕಗಳು ಮತ್ತೆ ಮೇಲೆ ಬರುತ್ತವೆ. ಮದ್ದಳೆಯವರ ಮಿದುಳಿನಲ್ಲಿ ಎರಡು ಬಗೆಯ ನಷ್ಟ ಒಂದರ ಮೇಲೊಂದು ಕೂತಿತ್ತು. ವೈರಸ್ ಸುಟ್ಟ ಭಾಗ ಮರಳುವಂಥದ್ದಲ್ಲ. ಪ್ರತಿಕಾಯ ಬೀಗ ಹಾಕಿದ ಭಾಗವನ್ನು ತೆರೆಯಬಹುದು, ತಡಮಾಡದಿದ್ದರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಮರೆವು, ಒಂದೇ ಮಂಕು.

ತಜ್ಞರು ಪ್ರತಿಕಾಯದ ವರದಿಗೆ ಕಾಯಲಿಲ್ಲ. ವೈರಸ್ ಇಲ್ಲವೆಂಬ ಪಿಸಿಆರ್ ಬರುವ ತನಕ ಎಸೈಕ್ಲೊವಿರ್ ಹಾಕಿಟ್ಟು, ಬಂದೊಡನೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ ಒಂದು ಗ್ರಾಂ, ಐದು ದಿನ ಕೊಟ್ಟರು. ಮುಂದಿನದು ಇಮ್ಯುನೊಗ್ಲೋಬ್ಯುಲಿನ್, ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದು. ಕೇಜಿಗೆ 2 ಗ್ರಾಂ ಎಂದರೆ ಇವರಿಗೆ 120 ಗ್ರಾಂ, ಐದು ಗ್ರಾಮಿನ 24 ಬಾಟಲಿ. ಬೆಲೆ ಕೇಳಿ ಮಗ ಸುಮ್ಮನೆ ಕೂತ. ಅದರ ಬದಲು ಐದು ಸಲ ಪ್ಲಾಸ್ಮಾ ಬದಲಾವಣೆ ಮಾಡಿದರು, ಎಂದರೆ ರಕ್ತದ ನೀರಿನಂಶವನ್ನು ಅದರಲ್ಲಿರುವ ಪ್ರತಿಕಾಯಗಳ ಸಮೇತ ತೆಗೆದು ಬೇರೆ ತುಂಬುವುದು. ಆ ಖರ್ಚಿಗೆ, ಒಳ್ಳೆ ರೇಟು ಬರಲೆಂದು ಎರಡು ವರ್ಷದಿಂದ ಅಟ್ಟದಲ್ಲಿ ಇಟ್ಟಿದ್ದ ಡಬ್ಬಲ್ ಚೋಲು ಅಡಕೆ ಇಳಿಯಿತು. ಕೊನೆಗೆ ಪ್ರತಿಕಾಯ ತಯಾರಿಸುವ ಕೋಶಗಳನ್ನು ತಗ್ಗಿಸಲು ರಿಟುಕ್ಸಿಮ್ಯಾಬ್. ನಮ್ಮ ದೇಶದಲ್ಲೇ ಅದು ತಯಾರಾಗುತ್ತಿರುವುದರಿಂದ ನಿಭಾಯಿಸಲು ಆಯಿತು.

ಎರಡನೇ ಪ್ಲಾಸ್ಮಾ ಬದಲಾವಣೆ ಆದ ರಾತ್ರಿ ಅವರು ಆರು ಗಂಟೆ ಹೊತ್ತು ನಿದ್ದೆ ಮಾಡಿದರು. ಬಾಯಿ ಜಗಿಯುವುದು ನಿಲ್ಲಲು ಮೂರು ವಾರ ಹಿಡಿಯಿತು. ಒಂದು ಬೆಳಗ್ಗೆ ಹೆಂಡತಿ ಕೊಟ್ಟ ಗಂಜಿಯನ್ನು ತಳ್ಳದೆ ಕುಡಿದು, "ಉಪ್ಪು ಕಮ್ಮಿ" ಎಂದರು.

ಯಾವ ಭಾಷೆಯ ನೆನಪು

ಆರು ತಿಂಗಳು ಕಳೆದು ಅಂಗವಿಕಲತೆಯ ಪ್ರಮಾಣಪತ್ರಕ್ಕೆ ನೆನಪಿನ ಪರೀಕ್ಷೆ ಆಗಬೇಕಿತ್ತು. ಮಾಡಿದವರು ಮಲಯಾಳಂನಲ್ಲಿ ಮಾಡಿದರು. ಐದು ಶಬ್ದ ಹೇಳಿ, ಐದು ನಿಮಿಷ ಬಿಟ್ಟು ಕೇಳುವ ಪರೀಕ್ಷೆ. ಮದ್ದಳೆಯವರಿಗೆ ಬರುವ ಮಲಯಾಳಂ ಪೇಟೆಯದು, ಬಸ್ಸಿನದು. ಮೂವತ್ತರಲ್ಲಿ 9 ಬಂತು. ವಾರ ಬಿಟ್ಟು ಮಂಗಳೂರಿನಲ್ಲಿ ಅದೇ ಪರೀಕ್ಷೆಯನ್ನು ಕನ್ನಡದಲ್ಲಿ ಮಾಡಿದಾಗ 17.

ಈ ಎಂಟು ಅಂಕಗಳ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನೆನಪು ಅಂದರೆ ಭಾಷೆಯೂ ಹೌದು. ಟೆಂಪೊರಲ್ ಹಾಲೆ ಸುಟ್ಟವನಿಗೆ ಆಮೇಲೆ ಕಲಿತ ಮಾತು ಮೊದಲು ಕೈಕೊಡಬಹುದು. ಅದರಲ್ಲಿ ಪರೀಕ್ಷೆ ಮಾಡಿದರೆ ಅಳೆದದ್ದು ಕಾಯಿಲೆಯನ್ನೋ ಗಡಿಯನ್ನೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ಪರೀಕ್ಷೆಗಳ ಕಟ್ಟನ್ನು ಐದು ಭಾಷೆಗಳಲ್ಲಿ ಸಿದ್ಧಪಡಿಸಿದೆ. ಕನ್ನಡವೂ ಅದರಲ್ಲಿದೆ, ಮಲಯಾಳಂ ಕೂಡ. ಕಾಸರಗೋಡಿನಲ್ಲಿ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು, ಮನೆಯಲ್ಲಿ ಯಾವ ಮಾತು ಎಂದು ಮೊದಲು ಕೇಳಬೇಕು. ಅಂಕ ಕಡಿಮೆ ಬಂದದ್ದರಿಂದ ಸವಲತ್ತು ಹೆಚ್ಚು ಸಿಗುವುದಾದರೆ ಒಳ್ಳೆಯದಲ್ಲವೇ ಎಂದು ಒಬ್ಬರು ಕೇಳಿದರು. ಅಲ್ಲ. ಚಿಕಿತ್ಸೆ ಹಿಡಿಯುತ್ತಿದೆಯೋ ಇಲ್ಲವೋ ಎಂದು ನೋಡುವುದು ಇದೇ ಅಂಕದಿಂದ. 9ನ್ನು ನಂಬಿದ್ದರೆ ಕಾಯಿಲೆ ಮೂರನೇ ಸಲ ಎದ್ದಿದೆ ಎಂದು ಮತ್ತೆ ಸ್ಟೀರಾಯ್ಡ್ ಹಾಕುತ್ತಿದ್ದೆವು.

ನನ್ನ ಕ್ಲಿನಿಕ್ಕಿನಲ್ಲಿ ಒಂದು ಕೆಲಸ ಬದಲಾಗಿದೆ. ಯಾವ ಕಾರಣದ ಮಿದುಳುಜ್ವರವೇ ಆಗಿರಲಿ, ರೋಗಿ ಮನೆಗೆ ಬಂದಾಗ ಎರಡನೇ ವಾರದಿಂದ ಹದಿನಾರನೇ ವಾರದ ತನಕದ ತಾರೀಕುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಹಾಕಿ ಗುರುತು ಮಾಡಿಸುತ್ತೇನೆ. ಈ ಗೆರೆಯೊಳಗೆ ನಿದ್ದೆ ಕೆಟ್ಟರೆ, ಸಂಶಯ ಬಂದರೆ, ಬಾಯಿ ಅಥವಾ ಕೈ ತನ್ನಷ್ಟಕ್ಕೆ ಆಡಿದರೆ, ಗಳಿಸಿದ ಮಾತು ಮತ್ತೆ ಹೋದರೆ, ರಾತ್ರಿಯಾದರೂ ಫೋನ್ ಮಾಡಿ ಎನ್ನುತ್ತೇನೆ. ಮಿದುಳಿಗೆ ಎರಡನೇ ಪೆಟ್ಟು ಕೊಡುವ ಅಭ್ಯಾಸ ಹರ್ಪಿಸ್‌ಗೆ ಮಾತ್ರ ಇರುವುದೂ ಅಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಲ್ಲೂ ಜ್ವರ ಇಳಿದು ಒಂದೆರಡು ವಾರ ಕಳೆದು ಕೆಲವರಿಗೆ ಎರಡನೇ ಸುತ್ತು ಬರುತ್ತದೆ. ತಲೆನೋವು, ಗೊಂದಲ, ನಡುಕ ಕಾಣುವುದು ಆಗಲೇ. ಅಲ್ಲಿನ ಒಳಗುಟ್ಟು ಬೇರೆ ಇರಬಹುದು, ಮನೆಯವರು ಕಣ್ಣಿಡಬೇಕಾದ್ದು ಒಂದೇ.

ಅಂತೆ

ಈಗ ಒಂದೂವರೆ ವರ್ಷವಾಯಿತು. ಪ್ರತಿಕಾಯ ತಂದದ್ದೆಲ್ಲ ಹೋಯಿತು: ಸಂಶಯ, ಮೌನ, ಮರಗಟ್ಟುವಿಕೆ. ವೈರಸ್ ತಂದದ್ದು ಬಹುಪಾಲು ಉಳಿಯಿತು. ಅಪಸ್ಮಾರದ ಮಾತ್ರೆ ಎರಡು ಹೊತ್ತು ಇದೆ. ತೋಟಕ್ಕೆ ಹೋಗುತ್ತಾರೆ, ಯಾವ ಸಾಲಿಗೆ ಗೊಬ್ಬರ ಹಾಕಿ ಆಯಿತು ಎಂದು ಕಂಗಿಗೆ ಹಗ್ಗದ ಚೂರು ಕಟ್ಟುತ್ತಾರೆ. ತಾಳಮದ್ದಳೆಗೆ ಕರೆಯುತ್ತಾರೆ. ಹೋಗುತ್ತಾರೆ, ಬಾರಿಸುತ್ತಾರೆ.

ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇರುತ್ತದೆ. ದಿನವೂ ಆದದ್ದನ್ನು ಹೆಂಡತಿ ಹೇಳುತ್ತಾರೆ, ಇವರು ಬರೆಯುತ್ತಾರೆ. ಒಂದು ದಿನ ಅದನ್ನು ಓದುತ್ತಿದ್ದಾಗ ನನ್ನ ಗಂಟಲು ಕಟ್ಟಿತು. "ನಿನ್ನೆ ರಾತ್ರಿ ತಾಳಮದ್ದಳೆ ಇತ್ತಂತೆ. ನಾನು ಬಾರಿಸಿದೆನಂತೆ. ಚಂದ ಆಯಿತಂತೆ." ಪುಟದಿಂದ ಪುಟಕ್ಕೆ ಹಾಗೆಯೇ. ತಾನು ಉಂಡದ್ದಕ್ಕೂ ಅಂತೆ, ತಾನು ಹೋಗಿಬಂದ ಮದುವೆಗೂ ಅಂತೆ. ತನ್ನದೇ ಬದುಕು ಬೇರೆಯವರ ಬಾಯಿಂದ ಕೇಳಿದ ಸುದ್ದಿಯಾಗಿರುವುದನ್ನು ಯಾವ ಪರೀಕ್ಷೆಯ ಅಂಕವೂ ನನಗೆ ಅಷ್ಟು ತಿಳಿಸಿರಲಿಲ್ಲ.

ಕಳೆದ ತಿಂಗಳು ಅವರ ಹೆಂಡತಿ ಕ್ಲಿನಿಕ್ಕಿಗೆ ಬಂದವರು ಆ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಒಂದು ಪುಟ ತೆರೆದರು. "ಇದನ್ನು ನಾನು ಹೇಳಿಕೊಟ್ಟದ್ದಲ್ಲ" ಎಂದರು. ಹಿಂದಿನ ದಿನ ಬೆಳಗ್ಗೆ ಹಟ್ಟಿಯಲ್ಲಿ ಆದದ್ದನ್ನು ಮದ್ದಳೆಯವರು ಮಧ್ಯಾಹ್ನ ಊಟವಾದ ಮೇಲೆ ತಾವಾಗಿ ಬರೆದಿದ್ದರು, ಓರೆ ಅಕ್ಷರದಲ್ಲಿ:

"ದನ ಕರು ಹಾಕಿತು. ಹೆಣ್ಣು. ಕೆಂಪು. ನೋಡಿದೆ."